ಹೊಳೆ ಮೀನಿಗೆ ಓನರ್ ಯಾರು?

ರಾಜ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಿಗೆ,
ಪ್ರತಿ: ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ, ಮತ್ತು ಹೊಳೆ ದಂಡೆಯಲ್ಲಿ ಬದುಕುವ ಎಲ್ಲರಿಗೂ

ಮಾನ್ಯರೇ,

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಎರಡು ಎಕರೆ ಅಡಿಕೆ ತೋಟ ಇದೆ. ತೋಟದ ಬುಡದಲ್ಲಿ ಒಂದು ಹಳ್ಳ ಹರಿಯುತ್ತದೆ, ಅದು ಹೋಗಿ ತುಂಗೆಗೆ ಸೇರುತ್ತದೆ. ಮೀನು ಹಿಡಿಯುವುದು ನನ್ನ ಕಸುಬಲ್ಲ. ತಿನ್ನುವುದು ಮಾತ್ರ ಚಿಕ್ಕಂದಿನಿಂದ ಬಂದ ಅಭ್ಯಾಸ.

ಕಳೆದ ಜನವರಿಯಲ್ಲಿ ಒಂದು ಬೆಳಗ್ಗೆ ಪಂಪ್‌ಸೆಟ್ ನೋಡಲು ಇಳಿದಿದ್ದೆ. ಹಳ್ಳ ಹೊಳೆಗೆ ಸೇರುವ ಗುಂಡಿಯಲ್ಲಿ ಒಂದು ಕೊರವ ದಡಕ್ಕೆ ಬಂದು ನಿಂತಿತ್ತು. ಕೊರವ ಅಂದರೆ ಗೊತ್ತಲ್ವಾ, ಹಾವಿನ ತಲೆಯಂಥ ತಲೆಯ ಮೀನು, ನೆರಳು ಬಿದ್ದರೂ ಕೆಸರಿಗೆ ನುಗ್ಗುವ ಜಾತಿ. ಇದು ನುಗ್ಗಲಿಲ್ಲ. ಕೈ ಹಾಕಿದರೆ ಕೈಗೇ ಬಂತು. ಬೆನ್ನಿನ ಮೇಲೆ ಎಂಟಾಣೆ ಅಗಲದ ಕೆಂಪು ಹುಣ್ಣು. ಹುಣ್ಣಿನ ಒಳಗೆ ಮಾಂಸ ಕರಗಿ ಬೂದು ಹತ್ತಿಯಂತೆ ಆಗಿತ್ತು. ಸುತ್ತ ನೋಡಿದರೆ ಸಣ್ಣ ಗೆಂಡೆಗಳು ನಾಲ್ಕೈದು ತೇಲುತ್ತಿದ್ದವು. ಅವುಗಳ ಮೈಮೇಲೂ ಅದೇ ಕೆಂಪು.

ಮನೆಯಲ್ಲಿ ಖಾಲಿ ಐಸ್‌ಕ್ರೀಮ್ ಡಬ್ಬಿ ಇತ್ತು. ಫ್ರಿಜ್ಜಿನ ಐಸ್ ತುಂಬಿ, ಮೀನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂಬತ್ತೂವರೆ ಬಸ್ಸು ಹತ್ತಿದೆ. ಕಂಡಕ್ಟರ್ ಎರಡು ಸಲ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದ. ಪೇಟೆಯ ಒಂದು ಕಚೇರಿಗೆ ಹೋದೆ. ಯಾವ ಕಚೇರಿ, ಯಾರು ಇದ್ದರು ಎನ್ನುವುದು ಇಲ್ಲಿ ಬೇಡ. ಅಲ್ಲಿದ್ದವರು ಕೆಟ್ಟವರಲ್ಲ, ಕೂರಿಸಿ ಚಹಾ ಕೊಟ್ಟರು. ಆಮೇಲೆ ಕೇಳಿದರು:

"ಮೀನು ಯಾರದ್ದು?"

"ಹೊಳೇದು" ಅಂದೆ.

"ಅಲ್ಲ ಮಾರಾಯ್ರೆ, ಓನರ್ ಯಾರು? ಕೆರೆ ಟೆಂಡರ್ ಯಾರಿಗಾಗಿದೆ? ನಿಮ್ಮದೇ ಕೊಳವಾ?"

ಕೊಳವಿಲ್ಲ, ಟೆಂಡರ್ ಇಲ್ಲ, ಓನರೂ ಇಲ್ಲ ಎಂದೆ. ಹಾಗಾದರೆ ಅರ್ಜಿಯಲ್ಲಿ ಫಲಾನುಭವಿ ಅಂತ ಯಾರ ಹೆಸರು ಬರೆಯೋದು ಎಂದು ಅವರು ನಿಜವಾಗಿಯೂ ಯೋಚನೆಗೆ ಬಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಡಬ್ಬಿಯ ಐಸ್ ಕರಗಿ ನೀರಾಯಿತು. ಅದನ್ನು ಹೊತ್ತುಕೊಂಡೇ ವಾಪಸ್ ಬಂದೆ. ಮೀನನ್ನು ಬಾಳೆ ಬುಡಕ್ಕೆ ಹುಗಿದೆ. ಈ ಪತ್ರ ಬರೆಯುತ್ತಿರುವುದು ಅವರ ಮೇಲೆ ದೂರು ಹೇಳಲಿಕ್ಕಲ್ಲ. ಅವರು ಕೇಳಿದ ಪ್ರಶ್ನೆ ಅವತ್ತಿನಿಂದ ತಲೆಯಲ್ಲೇ ಕೂತಿದೆ, ಅದಕ್ಕೆ.

ಆ ಕೊರವನಿಗೆ ಯಾವ ರೋಗ ಇತ್ತೋ ನಾನು ಹೇಳಲಾರೆ. ಪರೀಕ್ಷೆ ಆಗಲೇ ಇಲ್ಲವಲ್ಲ. ಆದರೆ ಅಂಥ ಹುಣ್ಣನ್ನು ನಾನು ಮೊದಲೂ ನೋಡಿದ್ದೆ. 1990ರ ದಶಕದ ಶುರುವಿನಲ್ಲಿ ನಮ್ಮ ಕಡೆ ಸಂತೆಯಲ್ಲಿ ಹೊಳೆ ಮೀನು ಕೊಳ್ಳುವವರೇ ಇರಲಿಲ್ಲ. ಮೀನಿಗೆ ಕುಷ್ಠ ಬಂದಿದೆ ಎಂದು ಸುದ್ದಿ. ಅಮ್ಮ ಮೂರು ತಿಂಗಳು ಅಡುಗೆಮನೆಗೆ ಮೀನು ಸೇರಿಸಲಿಲ್ಲ. ಅದು ಕುಷ್ಠವಲ್ಲ, ಮನುಷ್ಯರಿಗೆ ಅಂಟುವುದೂ ಇಲ್ಲ ಎಂದು ಗೊತ್ತಾದದ್ದು ಆಮೇಲೆ. ಇಂಗ್ಲಿಷಿನಲ್ಲಿ ಅದನ್ನು ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್, ಚುಟುಕಾಗಿ ಇಯುಎಸ್ ಎನ್ನುತ್ತಾರೆ. ಕನ್ನಡದಲ್ಲಿ ಸುಮ್ನೆ ಕೆಂಪು ಹುಣ್ಣಿನ ರೋಗ ಎನ್ನೋಣ.

ಈ ರೋಗದ ಪ್ರಯಾಣ ನೋಡಿದರೆ ಆಶ್ಚರ್ಯವಾಗುತ್ತದೆ. 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡಿತು. ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಅಲ್ಲಿಂದ ಪಪುವಾ ನ್ಯೂಗಿನಿ, ಮಲೇಷ್ಯಾ, ಥೈಲ್ಯಾಂಡ್ ದಾಟಿ 1988ರಲ್ಲಿ ಬಾಂಗ್ಲಾದೇಶಕ್ಕೂ ನಮ್ಮ ಈಶಾನ್ಯ ರಾಜ್ಯಗಳಿಗೂ ಬಂತು. 1991ರಲ್ಲಿ ಕೇರಳದ ಕುಟ್ಟನಾಡಿನಲ್ಲಿತ್ತು. ಅದೇ ಹೊತ್ತಿನ ಆಸುಪಾಸಿನಲ್ಲಿ ಕರ್ನಾಟಕಕ್ಕೂ ಇಳಿಯಿತು. 2006–07ರಲ್ಲಿ ಆಫ್ರಿಕಾದ ಜಾಂಬೆಜಿ ನದಿಯನ್ನೂ ಮುಟ್ಟಿತು. ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ಕರ್ನಾಟಕದ ಸಿಹಿನೀರು ಮತ್ತು ಚೌಳು ನೀರಿನ ಮೀನುಗಳಲ್ಲಿ ಇದು ಹೇಗೆ ಹರಡಿತು ಎಂದು 1994ರಲ್ಲೇ ಬರೆದಿದ್ದಾರೆ. ಅಂದರೆ ರಾಜ್ಯಕ್ಕೆ ಇದು ಹೊಸ ವಿಷಯವಲ್ಲ. ಮೂವತ್ತು ವರ್ಷದ ಹಳೇ ನೆಂಟ.

ರೋಗಾಣು ಯಾವುದು ಎಂದು ತುಂಬಾ ವರ್ಷ ಜಗಳ ನಡೆಯಿತಂತೆ. ವೈರಸ್ ಎಂದರು, ಬ್ಯಾಕ್ಟೀರಿಯಾ ಎಂದರು. ಕೊನೆಗೆ ಸಿಕ್ಕಿಬಿದ್ದದ್ದು ಅಫನೊಮೈಸಿಸ್ ಇನ್ವೇಡನ್ಸ್ ಎಂಬ ನೀರಿನ ಬೂಷ್ಟು. ಈ ಹೆಸರು ಓದಿದಾಗ ನನಗೆ ಏನೂ ಅನಿಸಿರಲಿಲ್ಲ. ಆದರೆ ಅದರ ಕುಲಗೋತ್ರ ಓದಿದಾಗ ಎದ್ದು ಕೂತೆ. ಅಡಿಕೆಗೆ ಕೊಳೆರೋಗ ತರುತ್ತದಲ್ಲ, ಫೈಟಾಫ್ತೊರಾ, ಅದರ ದಾಯಾದಿಯಂತೆ ಇದು. ಎರಡೂ ಶಿಲೀಂಧ್ರದಂತೆ ಕಂಡರೂ ಶಿಲೀಂಧ್ರವಲ್ಲ, ಎರಡೂ ನೀರಿನಲ್ಲಿ ಬಾಲ ಬಡಿದು ಈಜುವ ಕಣ ಬಿಡುತ್ತವೆ, ಎರಡಕ್ಕೂ ಬೇಕಾದದ್ದು ಒದ್ದೆ ಮತ್ತು ತಂಪು. ಮಲೆನಾಡಿನವನಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಆಟಿ ತಿಂಗಳಲ್ಲಿ ಮರದ ಬುಡದಲ್ಲಿ ಬಿದ್ದ ಹಸಿ ಅಡಿಕೆಯ ಬಿಳಿ ಬೂಷ್ಟನ್ನು ನೆನೆಸಿಕೊಳ್ಳಿ. ಅದೇ ಮೀನಿನ ಬೆನ್ನಿನೊಳಗೆ ಬೆಳೆಯುತ್ತದೆ.

ಕೊಳೆರೋಗಕ್ಕೆ ಒಂದು ಇತಿಹಾಸ ಇದೆ. ಮೈಸೂರು ಸರ್ಕಾರದಲ್ಲಿ ಕೆಲಸಕ್ಕಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮಲೆನಾಡಿನ ಮಳೆಯಲ್ಲಿ ನಿಂತು ಅದನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಮೈಲುತುತ್ತ ಸುಣ್ಣ ಬೆರೆಸಿ ಹೊಡೆಯುವ ದಾರಿ ಹೇಳಿಕೊಟ್ಟರು. ಇವತ್ತಿಗೂ ನಾವು ಹೊಡೆಯುವುದು ಅದನ್ನೇ. ಅಡಿಕೆಗೆ ಓನರ್ ಇದ್ದ, ಕಂದಾಯ ಕಟ್ಟುತ್ತಿದ್ದ, ಆದ್ದರಿಂದ ನೂರು ವರ್ಷದ ಹಿಂದೆಯೇ ಸರ್ಕಾರ ಮರದ ಬುಡಕ್ಕೆ ಬಂತು. ಮೀನಿನ ದಡಕ್ಕೆ ಬರಲು ಇನ್ನೂ ಹೊತ್ತಾಗಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಆ ಮೈಲುತುತ್ತದ ಡ್ರಮ್ಮನ್ನು ನಾನು ಎಷ್ಟೋ ವರ್ಷ ತೊಳೆದದ್ದು ಆ ಹಳ್ಳದಲ್ಲೇ. ತಾಮ್ರ ಮೀನಿಗೆ ವಿಷ. ನಮ್ಮ ಕಡೆಯ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಗಡಸು ನೀರಾದರೆ ಸ್ವಲ್ಪ ತಡೆಯುತ್ತದಂತೆ. ನನ್ನ ತಂದೆಯೂ ಅಲ್ಲೇ ತೊಳೆದರು, ಪಕ್ಕದ ತೋಟದವರೂ ಅಲ್ಲೇ ತೊಳೆಯುತ್ತಾರೆ. ಯಾರೂ ಬೇಕಂತ ಮಾಡಿದ್ದಲ್ಲ. ಹಳ್ಳ ಎಲ್ಲವನ್ನೂ ಒಯ್ಯುತ್ತದೆ ಎನ್ನುವ ನಂಬಿಕೆ, ಅಷ್ಟೇ. ಒಯ್ದು ಎಲ್ಲಿಗೆ ಹಾಕುತ್ತದೆ ಎಂದು ಕೇಳಿದವರಿಲ್ಲ. ಎರಡು ವರ್ಷದಿಂದ ತೋಟದ ಮೂಲೆಯಲ್ಲಿ ಒಂದು ಗುಂಡಿ ತೋಡಿ ಅಲ್ಲೇ ತೊಳೆಯುತ್ತಿದ್ದೇನೆ.

ರೋಗ ಬೇರೆ, ನೀರು ಕೆಡುವುದು ಬೇರೆ ಎಂದು ಎರಡು ಫೈಲು ಮಾಡುವುದು ಸುಲಭ. ಒಂದು ನಿಮ್ಮ ಇಲಾಖೆಗೆ, ಇನ್ನೊಂದು ಮಂಡಳಿಗೆ. ಮೀನಿನ ಮೈಮೇಲೆ ಹಾಗೆ ಎರಡು ಫೈಲು ಇರುವುದಿಲ್ಲ. ಈ ಬೂಷ್ಟಿನ ಕಣ ಆರೋಗ್ಯವಾದ ಮೀನಿನ ಚರ್ಮಕ್ಕೆ ಸುಲಭವಾಗಿ ಅಂಟುವುದಿಲ್ಲ. ಮೀನಿನ ಮೈಮೇಲೆ ಲೋಳೆ ಇರುತ್ತದೆ, ಅದೇ ಅದರ ಕವಚ. ನೀರು ಹುಳಿಯಾದರೆ, ವಿಷ ಬೆರೆತರೆ, ಬಲೆಯೋ ಕಲ್ಲೋ ತಾಗಿ ಗೀರಿದರೆ ಆ ಕವಚ ಹರಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಮಳೆ ಬಂದ ಮೇಲೆ ಗಂಧಕದ ಜೌಗು ಮಣ್ಣಿನಿಂದ ಹುಳಿ ನೀರು ಹೊಳೆಗೆ ಇಳಿದಾಗಲೇ ಈ ರೋಗ ಎದ್ದದ್ದನ್ನು ಗಮನಿಸಿದ್ದಾರೆ. ಇನ್ನೊಂದು ವಿಷಯ, ಚಳಿ. ನೀರು 18ರಿಂದ 22 ಡಿಗ್ರಿಗೆ ಇಳಿದಾಗ ಮೀನಿನ ಮೈಯ ರೋಗನಿರೋಧಕ ಶಕ್ತಿ ಮಂದವಾಗುತ್ತದೆ. ಬೂಷ್ಟು ಮಾತ್ರ ಆಗಲೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಮಳೆಗಾಲ ಮುಗಿದು ಚಳಿ ಹಿಡಿದ ತಿಂಗಳುಗಳೇ ಇದರ ಸುಗ್ಗಿ.

ಅದೇ ತಿಂಗಳುಗಳಲ್ಲಿ ಹೊಳೆಯಲ್ಲಿ ಇನ್ನೇನು ನಡೆಯುತ್ತದೆ ಎಂದು ನೋಡಿ. ನೀರು ಇಳಿಯುತ್ತಿರುತ್ತದೆ. ತೋಟಕ್ಕೆ ಪಂಪುಗಳು ಶುರುವಾಗುತ್ತವೆ. ಕಾಫಿ ಸೀಮೆಯಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಪಲ್ಪಿಂಗ್. ಹಣ್ಣಿನ ಸಿಪ್ಪೆ ತೊಳೆದ ಆ ಹುಳಿ, ಕಂದು ನೀರು ಸರಿಯಾಗಿ ಹಿಡಿದಿಡದ ಕಡೆ ಹಳ್ಳಕ್ಕೇ ಬರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಉಸಿರಿಗೆ ಒದ್ದಾಡುವ ಮೀನು, ಇಳಿದ ನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡ ಮೀನು, ಚಳಿಗೆ ಮಂದವಾದ ಮೀನು. ಕೊಂದದ್ದು ಬೂಷ್ಟೋ, ಸಿಪ್ಪೆ ನೀರೋ, ಪಂಪೋ? ಎಲ್ಲರೂ ಸೇರಿ ಹೊಡೆದ ಏಟಿನಲ್ಲಿ ಯಾರ ಏಟಿಗೆ ಸತ್ತ ಎಂದು ಹೇಳುವುದು ಕಷ್ಟ. ಆದರೆ ಕೇಳಲೇಬಾರದು ಅಂತ ಏನಿಲ್ಲವಲ್ಲ.

ಸತ್ತ ಮೀನು ಸುಮಾರು ವಿಷಯ ಹೇಳುತ್ತದೆ. ಇದನ್ನು ಕಲಿಸಿದ್ದು ನಮ್ಮೂರ ಒಬ್ಬ ಹಿರಿಯರು, ಗಾಳ ಹಾಕುವುದರಲ್ಲಿ ಪಳಗಿದ ಕೈ. ಆಮೇಲೆ ಓದಿ ನೋಡಿದರೆ ಪುಸ್ತಕದಲ್ಲೂ ಅದೇ ಇತ್ತು. ಬೆಳಗಿನ ಜಾವ ಸತ್ತಿವೆ, ದೊಡ್ಡ ಮೀನೇ ಜಾಸ್ತಿ, ಸಣ್ಣವು ಇನ್ನೂ ಮೇಲೆ ಬಂದು ಬಾಯಿ ಬಡಿಯುತ್ತಿವೆ ಅಂದರೆ ಉಸಿರುಗಟ್ಟಿದೆ. ರಾತ್ರಿ ಪಾಚಿಯೂ ಆಮ್ಲಜನಕವನ್ನು ಬಳಸುತ್ತದೆ, ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಅದು ಅತಿ ಕಡಿಮೆ ಇರುತ್ತದೆ. ಹೊತ್ತು ಗೊತ್ತು ಇಲ್ಲದೆ ಒಮ್ಮೆಲೇ ಎಲ್ಲ ಜಾತಿಯವೂ, ಮರಿಗಳೂ, ಸೀಗಡಿ ಏಡಿ ಸಮೇತ ಹೋಗಿವೆ ಅಂದರೆ ವಿಷ ಬಿದ್ದಿದೆ. ಬ್ಲೀಚಿಂಗ್ ಪೌಡರ್, ಕೀಟನಾಶಕ, ಯಾವುದೋ ಒಂದು. ಹಾಗಲ್ಲದೆ ದಿನಕ್ಕೆ ನಾಲ್ಕು, ಮರುದಿನ ಆರು ಎಂದು ವಾರಗಟ್ಟಲೆ, ಒಂದೆರಡು ಜಾತಿ ಮಾತ್ರ, ಮೈಮೇಲೆ ಹುಣ್ಣು ಇಟ್ಟುಕೊಂಡು ಸಾಯುತ್ತಿವೆ ಅಂದರೆ ರೋಗ. ಇದು ಅಂದಾಜು, ಪರೀಕ್ಷೆಗೆ ಬದಲಿ ಅಲ್ಲ. ಆದರೆ ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸಿಗೂ ದನ ತೊಳೆಯುವ ಹುಡುಗನಿಗೂ ಇಷ್ಟು ತಿಳಿದಿದ್ದರೆ ಅರ್ಧ ತನಿಖೆ ಅಲ್ಲೇ ಆದಂತೆ.

ಇನ್ನರ್ಧ ತನಿಖೆಗೆ ಹೊತ್ತು ಮುಖ್ಯ. ಸತ್ತು ಬಿಸಿಲಿನಲ್ಲಿ ತೇಲಿದ ಮೀನು ಸಂಜೆಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ಕೊಳೆತ ಮಾಂಸದಲ್ಲಿ ಎಲ್ಲ ಬ್ಯಾಕ್ಟೀರಿಯಾವೂ ಸಿಗುತ್ತವೆ. ಬೇಕಾದದ್ದು ಸಾಯುತ್ತಿರುವ ಮೀನು, ಐಸಿನಲ್ಲಿ ಇಟ್ಟದ್ದು. ಇಲ್ಲವೇ ಹುಣ್ಣಿನ ಅಂಚಿನ ಮಾಂಸದ ಒಂದು ತುಂಡು ಫಾರ್ಮಲಿನ್‌ನಲ್ಲಿ ಹಾಕಿದ್ದು. ನೀರಿನ ವಿಷಯವೂ ಅಷ್ಟೇ. ಬೆಳಗಿನ ಐದು ಗಂಟೆಗೆ ಉಸಿರುಗಟ್ಟಿಸಿದ ನೀರು ಮಧ್ಯಾಹ್ನ ಬಿಸಿಲಿಗೆ ಪಾಚಿ ಕೆಲಸ ಶುರು ಮಾಡಿದ ಮೇಲೆ ಸರಿಯಾಗೇ ಕಾಣುತ್ತದೆ. ಎರಡು ದಿನ ಬಿಟ್ಟು ಬಾಟಲಿಯಲ್ಲಿ ತುಂಬಿದ ನೀರು ಯಾರಿಗೆ ಸಾಕ್ಷಿ ಹೇಳೀತು?

ಮೀನಿಗೆ ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು ಎಂದು ಕೇಂದ್ರ ಮಂಡಳಿಯ ಮಾನದಂಡವೇ ಹೇಳುತ್ತದೆ. 20 ಡಿಗ್ರಿಯ ಶುದ್ಧ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹೊಳೆ ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು, ನೀರಿನಲ್ಲಿ ಇರುವುದು ಕಡಿಮೆ. ಚಳಿಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಉಸಿರು. ಮೊದಲ ಮಳೆಗೆ ರಸ್ತೆಯ, ಚರಂಡಿಯ, ತೋಟದ ಎಲ್ಲ ಕೊಳೆ ಒಟ್ಟಿಗೆ ಬಂದು ಬೀಳುತ್ತದೆ.

ಆ ಮೊದಲ ಮಳೆಗೇ ನಮ್ಮಲ್ಲಿ ಹತ್ತುಮೀನು. ನೀವು ಮಲೆನಾಡಿನವರಾದರೆ ಗೊತ್ತಿರುತ್ತದೆ. ಹೊಸ ನೀರಿನ ವಾಸನೆ ಹಿಡಿದು ಹೊಳೆಯ ಮೀನು ಹಳ್ಳ ಹತ್ತಿ, ಗದ್ದೆಗೆ ನುಗ್ಗಿ, ಮೊಟ್ಟೆ ಇಡಲು ಬರುತ್ತದೆ. ರಾತ್ರಿ ಲಾಟೀನು ಹಿಡಿದು, ಕತ್ತಿ ಹಿಡಿದು, ಮೀನು ಹಿಡಿಯುವ ಕೂಣಿ ಒಡ್ಡಿ ಊರಿಗೆ ಊರೇ ಗದ್ದೆಯಲ್ಲಿ ನಿಲ್ಲುತ್ತಿತ್ತು. ಅಪ್ಪನ ಜೊತೆ ನಾನೂ ಹೋಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮೊಟ್ಟೆ ತುಂಬಿದ ಮೀನನ್ನು ಕಡಿದರೆ ಮುಂದಿನ ವರ್ಷಕ್ಕೆ ಏನು ಎಂಬ ಪ್ರಶ್ನೆ ಆಗ ಹುಟ್ಟಿರಲಿಲ್ಲ, ಅಷ್ಟು ಮೀನು. ಈಗ ಕೂಣಿ ಅಟ್ಟದಲ್ಲಿದೆ. ನಾವು ಕಡಿದದ್ದು ಒಂದು ಕಾರಣ, ಒಪ್ಪಿದೆ. ಗದ್ದೆಗಳು ತೋಟವಾದವು, ಹಳ್ಳಕ್ಕೆ ಚೆಕ್ ಡ್ಯಾಂ ಬಂತು, ಮರಳು ಎತ್ತಿದ ಕಡೆ ಮೊಟ್ಟೆ ಇಡುವ ಜಾಗ ಹೋಯಿತು. ರೋಗದ ಪಾಲು ಎಷ್ಟು? ಲೆಕ್ಕ ಇಟ್ಟವರಿದ್ದರೆ ಹೇಳಬಹುದಿತ್ತು.

ಲೆಕ್ಕದ ಮಾತು ಬಂತು. ಕಾವೇರಿಯ ಬಿಳಿಮೀನಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೆನ್ನು ಡುಬ್ಬ, ರೆಕ್ಕೆ ಕಿತ್ತಳೆ ಬಣ್ಣ, ಮಹಸೀರ್ ಜಾತಿಯಲ್ಲೇ ದೈತ್ಯ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದ್ದು ಗಾಳಕ್ಕೆ ಬಿದ್ದಿತ್ತು, ಅಂದರೆ ಸುಮಾರು 54 ಕಿಲೋ. ಆ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸರಿಯಾಗಿ ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಐಸಿಯು.

ಅದು ಕಡಿಮೆಯಾಗಿದೆ ಎಂದು ಗೊತ್ತಾದದ್ದು ಹೇಗೆ ಅಂತ ನೋಡಿ. ಕಾವೇರಿ ದಂಡೆಯ ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕುವವರು ಮೀನು ಹಿಡಿದು, ತೂಗಿ, ವಾಪಸ್ ನೀರಿಗೆ ಬಿಡುತ್ತಿದ್ದರು. ಬಿಡುವ ಮುಂಚೆ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ಸಂಶೋಧಕರು ಹರವಿ ಕೂತಾಗ ಗೊತ್ತಾಯಿತು: ಕಿತ್ತಳೆ ರೆಕ್ಕೆಯ ಮರಿಗಳು ಕಾಣಿಸುವುದೇ ನಿಂತಿದೆ, ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತಾ ಹೋಗಿದೆ. ಆ ನೀಲಿ ರೆಕ್ಕೆ ಕಾವೇರಿಯದ್ದಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿ, ಸಂರಕ್ಷಣೆ ಎಂಬ ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟದ್ದು. ಮಹಸೀರ್ ಉಳಿಸಲು ಹೋಗಿ ಮಹಸೀರನ್ನೇ ಮೂಲೆಗೆ ತಳ್ಳಿದಂತಾಯಿತು. ಅಣೆಕಟ್ಟು, ಮರಳು, ಡೈನಮೈಟು ಎಲ್ಲ ಜೊತೆಗಿವೆ, ಇದೊಂದೇ ಅಲ್ಲ. ಶಿಬಿರಗಳು ಮುಚ್ಚಿದವು, ಪುಸ್ತಕವೂ ನಿಂತಿತು. ಮುಚ್ಚಿದ್ದು ಸರಿಯೋ ತಪ್ಪೋ ಬೇರೆ ಚರ್ಚೆ. ನನಗೆ ಬೇಕಾದದ್ದು ಆ ಪುಸ್ತಕ. ವಿಜ್ಞಾನಿಗಳ ಬಳಿ ಇಲ್ಲದ, ಸರ್ಕಾರದ ಬಳಿ ಇಲ್ಲದ ಒಂದು ಲೆಕ್ಕ ಮೋಜಿಗೆ ಗಾಳ ಹಾಕಿದವರ ಬಳಿ ಇತ್ತು.

ಪೇಪರಿನಲ್ಲಿ ಪ್ರತಿವರ್ಷ ಓದುತ್ತೇನೆ, ಇಂಥ ಜಲಾಶಯಕ್ಕೆ ಇಷ್ಟು ಲಕ್ಷ ಮೀನುಮರಿ ಬಿತ್ತನೆ, ಫೋಟೋದಲ್ಲಿ ಬಕೆಟ್, ಹಾರ, ಕೈಮುಗಿದ ಗಣ್ಯರು. ಬಿತ್ತಿದ ಲೆಕ್ಕ ಓದಿದ್ದೇನೆ, ಹೊಳೆಯಲ್ಲಿ ಸತ್ತ ಲೆಕ್ಕ ಓದಿದ ನೆನಪಿಲ್ಲ. ಬಿತ್ತುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗೆಯ ಬಯಲಿನವು. ಅವು ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಜಲಾಶಯದಲ್ಲಿ ಬಲೆ ಬೀಸುವವರ ಹೊಟ್ಟೆ ಅದರಿಂದಲೇ ತುಂಬುತ್ತಿದೆ. ಆದರೆ ಬಕೆಟ್ಟಿನಲ್ಲಿ ಮರಿ ಮಾತ್ರ ಬರುತ್ತದೆ ಎಂದು ಹೇಗೆ ಹೇಳುವುದು? ಆ ನೀರಿನ ಜೊತೆ ಏನೆಲ್ಲ ಬರುತ್ತದೆ? ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಬರುವ ತಿಲಾಪಿಯಾ ಲೇಕ್ ವೈರಸ್ ಗೊತ್ತಾದದ್ದೇ 2014ರಲ್ಲಿ, ಇಸ್ರೇಲಿನಲ್ಲಿ. 2018ರ ಹೊತ್ತಿಗೆ ಅದು ಕೇರಳ, ಬಂಗಾಳದಲ್ಲಿತ್ತು. ಈಜಿಕೊಂಡು ಬಂತೆ? ಕೆಂಪು ಹುಣ್ಣಿನ ರೋಗದಲ್ಲಿ ಇನ್ನೊಂದು ತಮಾಷೆ ಇದೆ. ನಮ್ಮ ಕೊರವ, ನಮ್ಮ ಗೆಂಡೆಗಳು ಅದಕ್ಕೆ ಬೇಗ ಬೀಳುತ್ತವೆ. ಹೊರಗಿನಿಂದ ಬಂದ ಜಿಲೇಬಿಗೆ ಅದು ಮುಟ್ಟುವುದಿಲ್ಲ. ಒಂದು ರೋಗ ಬಂದು ಹೋದ ಮೇಲೆ ಗುಂಡಿಯಲ್ಲಿ ಯಾರು ಉಳಿದಿರುತ್ತಾರೆ ಎಂದು ನೀವೇ ಯೋಚಿಸಿ.

ಕೊಳದ ಮೀನಿಗೆ ವ್ಯವಸ್ಥೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಜಲಚರಗಳ ರೋಗ ಗಮನಿಸುವ ರಾಷ್ಟ್ರೀಯ ಕಾರ್ಯಕ್ರಮ 2013ರಲ್ಲಿ ಶುರುವಾಗಿದೆ, ಲಖನೌದ ಮೀನು ತಳಿ ಸಂಸ್ಥೆ ಅದನ್ನು ನಡೆಸುತ್ತದೆ. 2023ರಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಆ್ಯಪ್ ಕೂಡ ಬಂತು. ಮೀನು ಸಾಕುವ ರೈತ ಫೋನಿನಲ್ಲೇ ರೋಗ ತಿಳಿಸಬಹುದು. ರೈತ ಸುಣ್ಣ ಹಾಕಬಹುದು, ಭುವನೇಶ್ವರದ ಮೀನು ಸಂಶೋಧನಾ ಸಂಸ್ಥೆ ಮಾಡಿದ ಸಿಫಾಕ್ಸ್ ಎಂಬ ಔಷಧಿ ಹಾಕಬಹುದು, ನೀರು ಬದಲಿಸಬಹುದು. ಒಳ್ಳೆಯ ಕೆಲಸ. ಹೊಳೆಗೆ ಇದ್ಯಾವುದೂ ಆಗುವುದಿಲ್ಲ. ತುಂಗೆಗೆ ಎಷ್ಟು ಮೂಟೆ ಸುಣ್ಣ ಸುರಿಯುತ್ತೀರಿ? ಹೊಳೆಯಲ್ಲಿ ರೋಗ ಬಂದ ಮೇಲೆ ಮಾಡಬಹುದಾದದ್ದು ತೀರಾ ಕಡಿಮೆ. ಹಾಗಾಗಿಯೇ ಬೇಗ ಗೊತ್ತಾಗಬೇಕು. ಔಷಧಿ ಕೊಡಲು ಆಗದಿದ್ದರೂ ಮೀನಿನ ಮೇಲಿನ ಬೇರೆ ಭಾರವನ್ನು ಇಳಿಸಬಹುದು.

ಅಮೆರಿಕದ ಮೊಂಟಾನಾದಲ್ಲಿ ಹಾಗೆ ಮಾಡಿದರು. 2016ರ ಆಗಸ್ಟಿನಲ್ಲಿ ಯೆಲ್ಲೋಸ್ಟೋನ್ ನದಿಯಲ್ಲಿ ವೈಟ್‌ಫಿಶ್ ಎಂಬ ಜಾತಿ ಸಾವಿರಗಟ್ಟಲೆ ಸಾಯತೊಡಗಿತು. ಮೀನಿನ ಮೂತ್ರಪಿಂಡಕ್ಕೆ ಬೀಳುವ ಒಂದು ಪರಾವಲಂಬಿ ಕಾರಣ ಎಂದು ಗೊತ್ತಾಯಿತು. ನೀರು ಕಡಿಮೆ, ಬಿಸಿ ಜಾಸ್ತಿ, ಆದ್ದರಿಂದ ರೋಗ ಏರಿತ್ತು. ಪರಾವಲಂಬಿಗೆ ಅವರ ಬಳಿಯೂ ಔಷಧಿ ಇರಲಿಲ್ಲ. ಅವರು ಮಾಡಿದ್ದು ಇಷ್ಟೇ: 183 ಮೈಲಿ ಹೊಳೆಯನ್ನು ಮುಚ್ಚಿದರು. ಗಾಳ ಬೇಡ, ದೋಣಿ ಬೇಡ, ಈಜು ಬೇಡ. ಸೋಂಕು ದೋಣಿ ಬೂಟುಗಳ ಜೊತೆ ಬೇರೆ ಹೊಳೆಗೆ ಹೋಗದಿರಲಿ, ಬದುಕಿರುವ ಮೀನಿಗೆ ಸ್ವಲ್ಪ ಬಿಡುವು ಸಿಗಲಿ ಎಂದು. ಪ್ರವಾಸಿಗಳ ದುಡ್ಡಿನಿಂದಲೇ ಬದುಕುವ ಊರುಗಳವು. ಆದರೂ ಮುಚ್ಚಿದರು. ಅದಕ್ಕೆ ಮೊದಲು ಯಾರೋ ಸಾಯುತ್ತಿರುವ ಮೀನನ್ನು ಎತ್ತಿ ಪ್ರಯೋಗಾಲಯಕ್ಕೆ ಒಯ್ದಿದ್ದರು. ಓನರ್ ಯಾರು ಎಂದು ಕೇಳಿರಲಿಕ್ಕಿಲ್ಲ.

ನಮ್ಮಲ್ಲೂ ಹೊಳೆ ಮೀನಿಗೆ ಓನರ್ ಇರುವ ಜಾಗಗಳಿವೆ ಅನ್ನಿ. ಶೃಂಗೇರಿಯಲ್ಲಿ, ನಮ್ಮ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ರಾಮನಾಥಪುರದಲ್ಲಿ, ಶಿಶಿಲದಲ್ಲಿ ಅವು ದೇವರ ಮೀನು. ಯಾರೂ ಮುಟ್ಟುವುದಿಲ್ಲ. 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅತ್ತರು, ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ಜಗತ್ತಿನಲ್ಲಿ ಮೀನಿಗೆ ಸ್ಮಾರಕ ಕಟ್ಟಿದ ಊರು ಎಷ್ಟಿರಬಹುದು? ನಮಗೆ ಮೀನಿನ ಮೇಲೆ ಪ್ರೀತಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಪ್ರೀತಿಯ ರೀತಿ ನೋಡಿ. ರಜಾ ದಿನ ಶೃಂಗೇರಿಯ ಮೆಟ್ಟಿಲ ಮೇಲೆ ನಿಂತರೆ ಮಂಡಕ್ಕಿ ಪೊಟ್ಟಣಗಳ ಸುರಿಮಳೆ. ಮೀನು ಒಂದರ ಮೇಲೊಂದು ಹತ್ತಿ ಉರುಳುತ್ತವೆ. ಅಷ್ಟು ಒತ್ತೊತ್ತಾಗಿ ಇರುವ ಕಡೆ ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಹರಡಲು ತಡವಾಗದು. ಮೀನು ಹಿಡಿಯಬಾರದು ಎಂಬ ಬೋರ್ಡು ಮನುಷ್ಯರಿಗೆ ಓದಲು ಬರುತ್ತದೆ. ಮೇಲಿನಿಂದ ಬರುವ ಚರಂಡಿ ನೀರಿಗೆ ಬರುವುದಿಲ್ಲ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಸಾವಿರಾರು ಮೀನು ತೇಲಿದಾಗ ಟಿವಿಯವರು ಬಂದರು, ನೀರು ಪರೀಕ್ಷೆಯಾಯಿತು, ಚರ್ಚೆಯಾಯಿತು. ಊರ ಮಧ್ಯದ ಕೆರೆ, ವಾಸನೆ ಎಲ್ಲರ ಮೂಗಿಗೂ ಬಂದಿತ್ತು. ನಮ್ಮ ಗುಂಡಿಯ ವಾಸನೆ ನಾಯಿಗೂ ಕಾಗೆಗೂ ಮಾತ್ರ ಬರುತ್ತದೆ. ಎರಡು ದಿನದಲ್ಲಿ ಅವು ಸಾಕ್ಷಿಯನ್ನೂ ತಿಂದು ಮುಗಿಸುತ್ತವೆ.

ಹಾಗಾದರೆ ನಾನು ಏನು ಕೇಳುತ್ತಿದ್ದೇನೆ? ಹೊಸ ಸಂಸ್ಥೆ ಬೇಡ, ಕಟ್ಟಡ ಬೇಡ. ಮೊದಲು ಒಂದು ಪುಸ್ತಕ ಬೇಕು. ಹೊಳೆಯಲ್ಲಿ, ಹಳ್ಳದಲ್ಲಿ ಎಲ್ಲಿ ಮೀನು ಸತ್ತರೂ ಬರೆದಿಡುವ ಒಂದು ರಿಜಿಸ್ಟರ್, ಎಲ್ಲರೂ ಓದಬಹುದಾದದ್ದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾತಿ, ದೊಡ್ಡವೋ ಮರಿಯೋ, ಹುಣ್ಣು ಇತ್ತೋ ಇಲ್ಲವೋ, ನೀರಿನ ಬಣ್ಣ ಏನು. ಅರ್ಜಿಯಲ್ಲಿ ಓನರ್ ಎಂಬ ಕಾಲಂ ಇದ್ದರೆ ಅಲ್ಲಿ ಹೊಳೆಯ ಹೆಸರು ಬರೆಯಲು ಅನುಮತಿ ಕೊಡಿ. ಆ ಆ್ಯಪಿನಲ್ಲಿ ಹೊಳೆ ಮೀನಿಗೂ ಕನ್ನಡದಲ್ಲಿ ಒಂದು ಬಾಗಿಲು ತೆರೆಸಲು ನೀವು ಕೇಂದ್ರದವರಿಗೆ ಬರೆಯಬಹುದು. ಇಲ್ಲದಿದ್ದರೆ ಒಂದು ಫೋನ್ ನಂಬರು ಸಾಕು, ಬೆಳಗಿನ ಆರು ಗಂಟೆಗೂ ಎತ್ತುವಂಥದ್ದು.

ಇನ್ನು ಆ ಮೀನನ್ನು ಯಾರಾದರೂ ತೆಗೆದುಕೊಳ್ಳಬೇಕು. ಹಳ್ಳಿಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಇಡಲು ಫ್ರಿಜ್ಜಿದೆ, ಐಸ್ ಇದೆ, ಓದಿದ ಡಾಕ್ಟರ್ ಇದ್ದಾರೆ. ಅವರದು ಬೇರೆ ಇಲಾಖೆ, ಗೊತ್ತು. ಕೂತು ಮಾತಾಡಿಕೊಳ್ಳಲು ಆಗದಷ್ಟು ದೂರದ ಇಲಾಖೆಯೇನಲ್ಲ. ಅವರ ಬಳಿ ಎರಡು ಬಾಟಲಿ ಫಾರ್ಮಲಿನ್, ಒಂದು ಆಮ್ಲಜನಕ ನೋಡುವ ಮೀಟರ್ ಇಟ್ಟರೆ ಅಲ್ಲಿಂದ ಮಂಗಳೂರಿನ ಕಾಲೇಜಿಗೆ ಕಳಿಸಬಹುದು. 1969ರಲ್ಲಿ ದೇಶದಲ್ಲೇ ಮೊದಲು ಶುರುವಾದ ಮೀನುಗಾರಿಕೆ ಕಾಲೇಜು ನಮ್ಮ ರಾಜ್ಯದಲ್ಲಿದೆ, ಈ ರೋಗದ ಬಗ್ಗೆ ಮೂವತ್ತು ವರ್ಷದ ಹಿಂದೆಯೇ ಬರೆದವರಿದ್ದಾರೆ. ಹುಣ್ಣಾದ ಮೀನು ಅವರ ಮೇಜು ತಲುಪುವ ಬಸ್ಸು ಮಾತ್ರ ಇಲ್ಲ. ಈ ರೋಗ ಪ್ಯಾರಿಸ್ಸಿನ ಪ್ರಾಣಿ ಆರೋಗ್ಯ ಸಂಸ್ಥೆಗೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲೂ ಇದೆ. ಪ್ಯಾರಿಸ್ಸಿಗೆ ಹೇಳುವ ಮೊದಲು ತೀರ್ಥಹಳ್ಳಿಯಲ್ಲಿ ಕೇಳಿಸಿಕೊಳ್ಳುವವರು ಬೇಕಲ್ಲ.

ಮರಿ ಬಿತ್ತುವ ಮುಂಚೆ ಆ ಮರಿಗಳ ರೋಗ ಪರೀಕ್ಷೆ ಆಗಿದೆಯೇ, ಅವು ಯಾವ ಹೊಳೆಯ ತಳಿ ಎಂದು ಒಂದು ಚೀಟಿಯನ್ನು ಆ ಹಾರದ ಫೋಟೋದ ಜೊತೆಗೇ ಪ್ರಕಟಿಸಿ. ಮಂಡಳಿಯವರಿಗೆ ಒಂದೇ ಮಾತು: ಮೀನು ಸತ್ತ ಸುದ್ದಿ ಬಂದ ದಿನ ಬಾಟಲಿ ಹಿಡಿದು ಬರುವಾಗ ಮೀನುಗಾರಿಕೆಯವರನ್ನೂ ಅದೇ ಜೀಪಿನಲ್ಲಿ ಕರೆದುಕೊಂಡು ಬನ್ನಿ. ಡೀಸೆಲ್ ಕೂಡ ಉಳಿಯುತ್ತದೆ.

ಹೊಳೆ ದಂಡೆಯವರಿಗೆ ಹೇಳಲು ನನಗೆ ಅಷ್ಟು ಬಾಯಿಲ್ಲ, ಡ್ರಮ್ ತೊಳೆದವನು ನಾನು. ಆದರೂ ಹುಣ್ಣಾದ ಮೀನು ಕಂಡರೆ ಎತ್ತಿ ಇನ್ನೊಂದು ಕೆರೆಗೆ ಹಾಕಬೇಡಿ, ಬದುಕಲಿ ಎಂಬ ಕನಿಕರಕ್ಕೂ ಬೇಡ. ಆ ಬಲೆಯನ್ನು ಒಣಗಿಸದೆ ಬೇರೆ ಹಳ್ಳಕ್ಕೆ ಇಳಿಸಬೇಡಿ. ಫೋಟೋ ತೆಗೆಯಿರಿ, ಹೊತ್ತು ಬರೆದಿಡಿ.

ನಾನು ಒಂದು ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದಲ್ಲಿ ಆ ಜನವರಿಯ ಕೊರವ ಇದೆ. ಆಮೇಲೆ ಏಪ್ರಿಲಿನಲ್ಲಿ ಒಂದು ಬೆಳಗ್ಗೆ ಹನ್ನೊಂದು ಗೆಂಡೆ, ಹುಣ್ಣು ಇಲ್ಲ, ಎಲ್ಲ ದೊಡ್ಡವು, ಆರೂಕಾಲು ಗಂಟೆಗೆ ಕಂಡದ್ದು. ಕಾರಣ ಎಂದು ಗೆರೆ ಎಳೆದ ಕಾಲಂ ಎರಡರ ಮುಂದೆಯೂ ಖಾಲಿ ಇದೆ. ಐಸ್‌ಕ್ರೀಮ್ ಡಬ್ಬಿಯನ್ನು ತೊಳೆದು ಇಟ್ಟಿದ್ದೇನೆ. ಮುಂದಿನ ಚಳಿಗಾಲಕ್ಕೆ ಮುಂಚೆ, ಅದನ್ನು ಎಲ್ಲಿಗೆ ತರಬೇಕು, ಎಷ್ಟು ಗಂಟೆಯೊಳಗೆ ತರಬೇಕು ಎಂದು ದಯವಿಟ್ಟು ತಿಳಿಸಿ.

ಇಂತಿ,
ತುಂಗೆಯ ದಡದ ಒಬ್ಬ ಅಡಿಕೆ ಬೆಳೆಗಾರ